ಅಮ್ಮ ಕೇಳದ ಕೊನೆಯ ಸ್ವರ

ಮೊನ್ನೆ ಕೌಲಾಲಂಪುರದ ಬಾಂಗ್ಸಾರಿನ ಮನೆ ಖಾಲಿ ಮಾಡಲು ಸಾಮಾನು ಕಟ್ಟುತ್ತಿದ್ದಾಗ ಪಿಟೀಲಿನ ಪೆಟ್ಟಿಗೆಯಿಂದ ಬಟ್ಟೆ ಒಣಗಿಸುವ ಮರದ ಕ್ಲಿಪ್ಪೊಂದು ಬಿತ್ತು. ಮೂಗಿನ ಹತ್ತಿರ ಹಿಡಿದೆ. ಕಮಾನಿಗೆ ಉಜ್ಜುವ ರಾಳದ ವಾಸನೆ ಇನ್ನೂ ಹೋಗಿರಲಿಲ್ಲ. ಫ್ಯಾನಿನ ಗಾಳಿಗೆ ಸ್ವರದ ಹಾಳೆ ಹಾರದಿರಲೆಂದು ಮೇಲಿನ ಮನೆಯ ಮೇಷ್ಟ್ರು ಕೊಟ್ಟದ್ದು ಅದು. ಕಸದ ಚೀಲದವರೆಗೂ ಒಯ್ದೆ... ಎಸೆಯಲು ಮನಸ್ಸಾಗಲಿಲ್ಲ.

ಮೇಷ್ಟ್ರು ಮಂಗಳೂರಿನ ಕ್ಯಾಥೊಲಿಕರು. ಇಗರ್ಜಿಯಲ್ಲಿ ಪಿಟೀಲು ಕಲಿತು, ಪಾದ್ರಿಯೊಬ್ಬರ ಸಹಾಯದಿಂದ ಫ್ರಾನ್ಸಿಗೆ ಹೋಗಿ, ಅಲ್ಲಿಯ ಒಂದು ಚಿಕ್ಕ ಆರ್ಕೆಸ್ಟ್ರಾದಲ್ಲಿ ವರ್ಷಗಟ್ಟಲೆ ನುಡಿಸಿದವರು. ಆಮೇಲೆ ಕೌಲಾಲಂಪುರಕ್ಕೆ ಬಂದು ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾಗಿದ್ದರು. ಮಾತು ಎಲ್ಲಿಂದ ಶುರುವಾದರೂ ಆ ಆರ್ಕೆಸ್ಟ್ರಾಕ್ಕೇ ಬಂದು ನಿಲ್ಲುತ್ತಿತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸಣ್ಣ ಊರೊಂದರ ಸಂಗೀತ ಮೇಷ್ಟ್ರುಗಳು ಸೇರಿ ಕಟ್ಟಿದ ತಂಡವಂತೆ. ಬರೀ ತಂತಿವಾದ್ಯಗಳು. ಎದುರು ನಿಂತು ಕೋಲು ಆಡಿಸುವವರಿಲ್ಲ, ಮೊದಲ ಪಿಟೀಲಿನವರು ಉಸಿರೆಳೆದುಕೊಂಡರೆ ಎಲ್ಲರೂ ಶುರು. ಕಛೇರಿ ಹಳೆಯ ಅರಮನೆ ನೃತ್ಯಗಳ ಸಂಗೀತದಿಂದ ಆರಂಭ. ನಡುವೆ ಇನ್ನೂ ಬದುಕಿರುವವರೊಬ್ಬರು ಬರೆದ ಹೊಸ ಕೃತಿ, ಅದನ್ನು ಮಾತ್ರ ಎರಡು ಸಲ ನುಡಿಸುವುದು, ಒಂದೇ ಸಲಕ್ಕೆ ಜನರ ತಲೆಗೆ ಹತ್ತುವುದಿಲ್ಲವೆಂದು. ಕೊನೆಗೆ ಸಂಜೆ ಹೊತ್ತಿಗೆ ಹೊಂದುವ ನಿಧಾನದ ಒಂದು ಸೆರೆನೇಡು. ಎಲ್ಲಕ್ಕಿಂತ ಹೆಚ್ಚಾಗಿ ಒಂದು ಕಟ್ಟಳೆಯನ್ನು ಅವರು ಹೇಳುತ್ತಿದ್ದರು.

"ಒಬ್ಬನ ಸ್ವರ ತಪ್ಪಿದ್ರೆ ಇನ್ನೊಬ್ಬ ಜೋರು ನುಡಿಸಿ ಮುಚ್ಚುವ ಹಾಗಿಲ್ಲ ಮಾರಾಯ್ತಿ. ಎಲ್ಲರೂ ನಿಲ್ಲಿಸೂದು, ಪುನಃ ಶುರು ಮಾಡೂದು."

ಲಾಕ್‌ಡೌನಿನಲ್ಲಿ ನಾನು ಅವರ ಶಿಷ್ಯೆಯಾದೆ. ಅವರು ಮೇಲಿನ ಬಾಲ್ಕನಿಯಲ್ಲಿ, ನಾನು ಕೆಳಗಿನದರಲ್ಲಿ. ಪಿಟೀಲು ನನಗೆ ಹೊಸದಲ್ಲ. ಮೈಸೂರಿನಲ್ಲಿ ಅಮ್ಮನೇ ನೆಲದ ಮೇಲೆ ಕೂರಿಸಿ ಕಲಿಸಿದ್ದಳು. ಹಾಗಾಗಿ ಯಾವ ಸ್ವರವನ್ನೂ ನೆಟ್ಟಗೆ ನಿಲ್ಲಿಸಲು ನನ್ನ ಬೆರಳಿಗೆ ಬಾರದು, ಗಮಕ ತಾನೇ ಬಂದುಬಿಡುತ್ತದೆ. ಉದ್ದದ ಸ್ವರ ಬಂದರಂತೂ ತೂಗದೆ ಬಿಡುವುದಿಲ್ಲ. ಮೇಷ್ಟ್ರು ತಿದ್ದಿ ತಿದ್ದಿ ಸೋತು, "ಇರ್ಲಿ, ಒಬ್ಬರ ಕೈಯ ಹಾಗೆ ಇನ್ನೊಬ್ಬರದ್ದು ಇರೂದಿಲ್ಲ" ಎಂದು ನಕ್ಕಿದ್ದರು. ಆ ಮಾತಿಗೇ ನಾನು ಅವರನ್ನು ನಂಬಿದ್ದು.

ಆಗ ಆ ಆರ್ಕೆಸ್ಟ್ರಾದವರು ಆನ್‌ಲೈನಿನಲ್ಲಿ ಹಳಬರ ಕೂಟವೊಂದನ್ನು ಏರ್ಪಡಿಸಿದರು. ಎಲ್ಲರೂ ತಾವಿದ್ದಲ್ಲಿಂದಲೇ ಒಂದೊಂದು ವಿಡಿಯೋ ಕಳಿಸಬೇಕು. ಮೇಷ್ಟ್ರು ಸೆರೆನೇಡನ್ನು ಆರಿಸಿದರು. ಅವರು, ನಾನು, ಹತ್ತಿರದ ಪುತ್ರಜಯಾ ಊರಲ್ಲಿದ್ದ, ಮೇಷ್ಟ್ರ ಬಳಿ ಮೊದಲೇ ಕಲಿತಿದ್ದ ಬೆಂಗಳೂರಿನ ಎಂಜಿನಿಯರ್ ಮತ್ತು ಅವರ ಹೆಂಡತಿ, ಒಟ್ಟು ನಾಲ್ವರು. ಮೇಷ್ಟ್ರು ನುಡಿಸಿದ್ದನ್ನು ಕಿವಿಗೆ ಹಾಕಿಕೊಂಡು ನಮ್ಮ ನಮ್ಮ ಭಾಗವನ್ನು ನಮ್ಮ ನಮ್ಮ ಮನೆಯಲ್ಲೇ ನುಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿದೆವು. ಎಂಜಿನಿಯರ್ ಎಲ್ಲವನ್ನೂ ಜೋಡಿಸಿದರು. ಕೊನೆಯ ಉದ್ದ ಸ್ವರ ಅಲ್ಲಾಡದೆ, ಗೆರೆ ಎಳೆದ ಹಾಗೆ ಬಂದಿತ್ತು. ನಾಲ್ವರದ್ದು ಸೇರಿದಾಗ ನನ್ನ ಗಮಕ ಕರಗಿರಬೇಕು ಎಂದುಕೊಂಡೆ.

ವಿಡಿಯೋ ಅಮ್ಮನಿಗೂ ಹೋಯಿತು. ಮಾರನೆಯ ದಿನ ಫೋನು ಮಾಡಿದಳು.

"ಚೆನ್ನಾಗಿದೆ ಕಣೆ. ಆದ್ರೆ ಕೊನೇ ಸ್ವರ ನಿನ್ನ ಕೈಯ್ದು ಅನ್ನಿಸ್ಲಿಲ್ಲ. ನಾನು ಕಲ್ಸಿದ್ದೆಲ್ಲ ಮರ್ತೇಬಿಟ್ಯಾ?"

"ಇದು ಬೇರೆ ಸಂಗೀತ ಅಲ್ವೇನಮ್ಮ" ಎಂದು ನಕ್ಕುಬಿಟ್ಟೆ. ಅವಳು ನಗಲಿಲ್ಲ. ಆಮೇಲೆ ಅವಳಿಗೆ ಜ್ವರ, ಆಸ್ಪತ್ರೆ... ವಿಮಾನಗಳಿಲ್ಲದ ಕಾಲ. ತಮ್ಮ ಒಬ್ಬನೇ ಅವಳ ಅಂತ್ಯಕ್ರಿಯೆ ಎಲ್ಲ ಮುಗಿಸಿದ.

ನಿರ್ಬಂಧ ಸಡಿಲವಾದ ಮೇಲೆ ಕೆಳಗಿನ ಮಾಮಾಕ್, ಅಂದರೆ ತಮಿಳು ಮುಸ್ಲಿಮರ ಚಹಾದಂಗಡಿಯಲ್ಲಿ ಎಂಜಿನಿಯರ್ ಸಿಕ್ಕರು. ಚಹಾ ಕುಡಿಯುತ್ತಾ ಆ ವಿಡಿಯೋ ಎಷ್ಟು ಚೆನ್ನಾಗಿ ಬಂದಿತ್ತೆಂದು ಹೊಗಳಿದೆ. ಅವರು ಸಂಕೋಚಪಟ್ಟರು.

"ನಿಮ್ಮ ಆಡಿಯೋ ಮ್ಯೂಟ್ ಮಾಡ್ಸಿ, ನಿಮ್ಮ ಪಾರ್ಟ್ ಸರ್ರೇ ನುಡಿಸಿ ಕಳ್ಸಿದ್ರಲ್ಲ ಮೇಡಂ. ನಿಮಗೆ ಹೇಳಿರ್ಲಿಲ್ವಾ?"

ಚಹಾ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದೆ. ಮೇಷ್ಟ್ರು ಬಾಗಿಲು ತೆರೆದರು, ನನ್ನ ಮುಖ ನೋಡಿದೊಡನೆ ಅವರಿಗೆ ಗೊತ್ತಾಯಿತು.

"ಅಲ್ಲಿ ನನ್ನ ಜೊತೆ ನುಡಿಸಿದವರೆಲ್ಲ ಕೇಳ್ತಾರೆ. ನನ್ನ ಮಾನದ ಪ್ರಶ್ನೆ ಮಾರಾಯ್ತಿ. ವಿಡಿಯೋದಲ್ಲಿ ನೀನು ಇದ್ದೀಯಲ್ಲ?"

"ನಿಮ್ಮ ಮಾನಕ್ಕೆ ನನ್ನ ಕೈ ಅಡ್ಡ ಬಂತಾ ಸರ್? ಅಮ್ಮ ಕಡೇದಾಗಿ ಕೇಳಿದ್ದು ಅದನ್ನೇ."

ಅವರು, "ಅವರಿಗೂ ಒಳ್ಳೇದೇ ಕೇಳಿತಲ್ಲ" ಎಂದರು. ಮೋಸ ಮಾಡಿದ್ದಕ್ಕಿಂತ ಆ ಮಾತೇ ನನ್ನನ್ನು ಹೆಚ್ಚು ಕೆರಳಿಸಿತು. ಸ್ವರ ಮುಚ್ಚಬಾರದೆಂದು ಕಲಿಸಿದವರೇ ನನ್ನದನ್ನು ಮುಚ್ಚಿ, ಅದನ್ನು ಉಪಕಾರವೆಂದು ನನ್ನ ಮುಂದಿಡುತ್ತಿದ್ದರು. ಮತ್ತೆ ಆ ಬಾಗಿಲು ತಟ್ಟಲಿಲ್ಲ. ಬಾಲ್ಕನಿಯಿಂದ ಪಿಟೀಲು ಕೇಳಿದರೆ ಕಿಟಕಿ ಮುಚ್ಚುತ್ತಿದ್ದೆ. ಮುಂದೆ ಅವರು ಮಗಳ ಮನೆಗೆ ಹೋದರು, ಅಲ್ಲೇ ತೀರಿಕೊಂಡರೆಂದು ಯಾರೋ ಹೇಳಿದರು. ಸಿಟ್ಟು ಹೋಗಿಲ್ಲ. ಆದರೂ ಆ ಸುದ್ದಿ ಕೇಳಿದ ದಿನ ಅತ್ತುಬಿಟ್ಟೆ, ಅದೇಕೋ...

ಕ್ಲಿಪ್ಪನ್ನು ಪೆಟ್ಟಿಗೆಗೇ ವಾಪಸು ಹಾಕಿ ಹಳೆಯ ಫೋನನ್ನು ಹುಡುಕಿದೆ. ಅಂದು ಸೆರೆನೇಡಿನ ವಿಡಿಯೋಗೆಂದು ಮನೆಯಲ್ಲಿ ನಾನೊಬ್ಬಳೇ ನುಡಿಸಿದ್ದು ಅದರಲ್ಲಿ ಹಾಗೇ ಇತ್ತು. ಕಟ್ಟಿಟ್ಟ ಡಬ್ಬಗಳ ನಡುವೆ ಕೂತು ಕೊನೆಯವರೆಗೂ ಕೇಳಿದೆ. ಉದ್ದದ ಸ್ವರ ಬಂತು, ತೂಗಿತು, ಅಮ್ಮನ ಬೆರಳಿನ ಹಾಗೆಯೇ ಮೆಲ್ಲಗೆ ಇಳಿದು ನಿಂತಿತು.

ನಾನು ಮರೆತಿರಲಿಲ್ಲ, ಅಮ್ಮ.