ವಂಜಕ್ಕ ಕೇಳಿದ ಒಡಪು

ಕುಷ್ಟಗಿಯ ಒಂದು ಶಾಲೆಗೆ ಕೀನ್ಯಾ ದೇಶದ ವಂಜಿಕು ಒಂದು ವರ್ಷದ ಮಟ್ಟಿಗೆ ಇಂಗ್ಲಿಷ್ ಕಲಿಸಲು ಬಂದಾಗ ಊರಿಗೆ ಮೊದಲು ತೊಡಕಾದದ್ದು ಅವಳ ಹೆಸರು. ನಾಲ್ಕು ದಿನ ಒದ್ದಾಡಿ, ಕೊನೆಗೆ ಅದನ್ನು ವಂಜಕ್ಕ ಎಂದು ಮಾಡಿ ಎಲ್ಲರೂ ನಿರಾಳರಾದರು. ನಿರಾಳವಾಗದವಳು ಶಾಲೆಯ ವಸತಿಗೃಹದಲ್ಲಿ ಅಡುಗೆ ಮಾಡುವ ಶಂಕ್ರಮ್ಮ ಒಬ್ಬಳೇ. ಅವಳಿಗೆ ಹೆಸರಷ್ಟೇ ಸಾಲದು, ಬೇರುಸಮೇತ ಬೇಕು. ಈ ಹುಡುಗಿಯ ಊರಲ್ಲಿ ಏನು ಉಣ್ಣುತ್ತಾರೆ, ಅಷ್ಟೊಂದು ಸಣ್ಣ ಸಣ್ಣ ಜಡೆ ಹೆಣೆದವರು ಯಾರು, ಅಲ್ಲಿಯ ಅತ್ತೆಯರೂ ಹೀಗೇ ಜೋರೋ ಹೇಗೆ?

ರೊಟ್ಟಿ ಬಡಿಯುತ್ತಲೇ ಕೇಳುತ್ತಿದ್ದಳು. ವಂಜಕ್ಕನೇನು ಕಡಿಮೆಯವಳೇ? ಒಂದಕ್ಕೆ ಉತ್ತರ ಕೊಟ್ಟು ಎರಡು ತಿರುಗಿ ಕೇಳುವಳು. ಇವರಿಬ್ಬರೂ ಒಲೆಯ ಮುಂದೆ ಕೂತರೆ ಅಂದು ಬೇಳೆ ತಳ ಹಿಡಿಯುವುದು ಖಾತ್ರಿ. ವಂಜಕ್ಕನ ಕನ್ನಡವೆಲ್ಲ ಆ ಒಲೆಯ ಮುಂದೆ ಕಲಿತದ್ದೇ.

"ನಮ್ಮ ಊರಾಗ ಅವ್ವನ ಹೆಸರು ಯಾರೂ ಹೇಳಂಗಿಲ್ಲ. ಮಾಮಾ ವಂಜಿಕು ಅಂತಾರ, ವಂಜಿಕುನ ಅವ್ವ" ಎಂದಳು ಒಮ್ಮೆ.

"ನಮ್ಮಲ್ಲೆ ಗಂಡನ ಹೆಸರು ಹೇಳಂಗಿಲ್ಲವ್ವ. ಹೇಳಬೇಕಂದ್ರ ಒಡಪು ಕಟ್ಟಿ ಹೇಳಬೇಕು" ಎಂದಳು ಶಂಕ್ರಮ್ಮ.

ಎರಡು ಸಾಲಿನ ಪದ ಕಟ್ಟಿ, ಅದರೊಳಗೆ ಗಂಡನ ಹೆಸರು ಕೂಡಿಸಿ ಹೇಳುವುದೇ ಒಡಪು. ಮದುವೆಯಾದ ಹೊಸದರಲ್ಲಿ ಹೊಸ್ತಿಲಿಗೆ ಅಡ್ಡ ನಿಂತು ಹೇಳಿಸುತ್ತಾರೆ. ಹೇಳದವಳಿಗೆ ಒಳಗೆ ಜಾಗವಿಲ್ಲ. ಓಣಿಯ ಎಷ್ಟೋ ಮದುಮಕ್ಕಳಿಗೆ ಶಂಕ್ರಮ್ಮನೇ ಒಡಪು ಕಟ್ಟಿಕೊಟ್ಟಿದ್ದಳು. ಮಾದರಿಗೆಂದು ಅದೇ ಶಾಲೆಯ ಸುಕನ್ಯಾ ಟೀಚರರ ಗಂಡನ ಹೆಸರನ್ನೇ ಹಿಡಿದಳು: "ಹೊಲದಾಗ ತುಂಬೈತಿ ಹಸಿ ಕಡ್ಲಿ, ಶರಣಕುಮಾರ ಕರದ್ರ ನಾ ಹ್ಯಾಂಗ ಬಿಡ್ಲಿ." ವಂಜಕ್ಕ ಅದನ್ನು ಬಾಯಿಪಾಠ ಮಾಡಿ ಇಡೀ ದಿನ ಶಾಲೆಯಲ್ಲಿ ಹಾಡಿಕೊಂಡು ತಿರುಗಿದಳು. ಸುಕನ್ಯಾ ಟೀಚರ್ ನಾಚಿ ತಲೆ ಎತ್ತದಂತಾದರು.

ಒಂದು ಸಂಗತಿಯ ಬಗ್ಗೆ ಮಾತ್ರ ಶಂಕ್ರಮ್ಮ ಬಾಯಿ ಬಿಡಲಿಲ್ಲ. ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ ಅವಳ ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಕುಷ್ಟಗಿಯವರಿಗೆ ಅದನ್ನು ಹೇಳುವ ಗರಜಿಲ್ಲ; ಹಸಿರು ಬಳೆ ಇಲ್ಲದ ಕೈ ಕಂಡರೆ ಕೂಸಿಗೂ ತಿಳಿಯುತ್ತದೆ. ತಿಳಿದವರು ಮುತ್ತೈದೆಯರಿಗೆ ಉಡಿ ತುಂಬುವಾಗ ಇವಳನ್ನು ದಾಟಿ ಪಕ್ಕದವಳ ಕಡೆ ಹೋಗುತ್ತಾರೆ. ವಂಜಕ್ಕನಿಗೆ ಕೈ ನೋಡಿ ತಿಳಿಯುವ ವಿದ್ಯೆ ಗೊತ್ತಿರಲಿಲ್ಲ. ಆ ಒಬ್ಬಳ ಮುಂದೆ ಶಂಕ್ರಮ್ಮ ಬರೀ ಶಂಕ್ರಮ್ಮನಾಗಿದ್ದಳು, ಅದು ಅವಳಿಗೆ ಭಾಳ ಹಿತವಾಗಿತ್ತು. ಮುಚ್ಚಿಟ್ಟದ್ದು ತಪ್ಪೆನ್ನುವವರು ಅವಳ ಜಾಗದಲ್ಲಿ ಒಂದು ದಿನ ನಿಂತು ನೋಡಲಿ.

ಶಾಲೆಯ ಸಾಂಸ್ಕೃತಿಕ ಹಬ್ಬದ ದಿನ ವಂಜಕ್ಕ ಇಳಕಲ್ಲ ಸೀರೆ ಉಟ್ಟಳು, ಉಡಿಸಿದವಳು ಶಂಕ್ರಮ್ಮ. ಕೋಲಾಟದ ಮಕ್ಕಳ ನಡುವೆ ಹೊಕ್ಕು ಕೋಲು ಯಾವ ಕಟ್ಟಿಗೆಯದೆಂದು ವಿಚಾರಿಸಿದಳು. ಕಿನ್ನಾಳದ ಗೊಂಬೆಯಂತೆ ಬಣ್ಣ ಬಳಿದುಕೊಂಡು ಅಲುಗದೆ ನಿಂತಿದ್ದ ಹುಡುಗಿಯ ಕೆನ್ನೆಯನ್ನು ಬೆರಳಿಂದ ಮುಟ್ಟಿದಳು. ಗೊಂಬೆ ಕಿಸಕ್ಕನೆ ನಕ್ಕು, ಮಾಸ್ತರರಿಂದ ಬೈಸಿಕೊಂಡಿತು. ಆಮೇಲೆ ಬಂತು ತಾಯಂದಿರ ಒಡಪಿನ ಸ್ಪರ್ಧೆ. ಅದನ್ನು ನಡೆಸುವ ಕೆಲಸವನ್ನು ವಂಜಕ್ಕ ತಾನಾಗಿ ಕೇಳಿ ಪಡೆದಿದ್ದಳು.

ನಾಲ್ಕೈದು ಮಂದಿ ಹೇಳಿ ಇಳಿದ ಮೇಲೆ ಅವಳು ಮೈಕ್ ಹಿಡಿದು ನಗುತ್ತ ಕರೆದಳು. "ಈಗ ನನ್ನ ಗುರು. ಶಂಕ್ರಮ್ಮ, ಬರ್ರಿ. ಗಂಡನ ಹೆಸರು ಹೇಳ್ರಿ."

ಸುಕನ್ಯಾ ಟೀಚರ್ ವಂಜಕ್ಕನ ಕಿವಿಯಲ್ಲಿ ಹೇಳಲು ಎದ್ದು ಧಾವಿಸಿದರು. ಪೆಂಡಾಲಿನ ಮಗ್ಗುಲಲ್ಲಿ ಕೂತು ಚುರುಮುರಿ ಮಂಡಾಳಿಗೆ ಒಗ್ಗರಣೆ ಹಾಕುತ್ತಿದ್ದ ಶಂಕ್ರಮ್ಮನ ಕೈ ನಿಂತಿತು. ಒಲ್ಲೆ ಎಂದು ಅಲ್ಲೇ ಕೂತರೆ ಇಷ್ಟಕ್ಕೇ ಮುಗಿದೀತು. ಆದರೆ ನಾಳೆಯಿಂದ ವಂಜಕ್ಕನೂ ಇವಳನ್ನು ಎಲ್ಲರಂತೆ ನೋಡುತ್ತಾಳೆ. ವೇದಿಕೆ ಹತ್ತಿದರೆ, ಮುಂದಿನ ಸಾಲಿನಲ್ಲಿ ಅತ್ತೆ ಯಮನೂರಮ್ಮ ಕೂತಿದ್ದಾಳೆ. ಮಗ ಹೋದ ಮೇಲೆ ಆ ಮುದುಕಿ ಅವನ ಹೆಸರೆತ್ತಿದವಳಲ್ಲ. ಸೊಸೆಯಂತೂ ಎತ್ತುವ ಹಾಗೇ ಇಲ್ಲ. ಆ ಹೆಸರು ಮನೆಯಲ್ಲಿ ಯಾರ ಬಾಯಲ್ಲೂ ಇರಲಿಲ್ಲ.

ಶಂಕ್ರಮ್ಮ ಸೆರಗಿಗೆ ಕೈ ಒರೆಸಿಕೊಂಡು ಹತ್ತಿಯೇಬಿಟ್ಟಳು. ಸುಕನ್ಯಾ ಟೀಚರ್ ಅರ್ಧದಲ್ಲೇ ನಿಂತರು. ಮೈಕ್ ಕೈಗೆ ಬಂತು, ಒಡಪು ಬರಲಿಲ್ಲ. ಊರಿಗೆಲ್ಲ ಕಟ್ಟಿಕೊಟ್ಟವಳಿಗೆ ತನ್ನ ಪಾಲಿಗೆ ಒಂದು ಸಾಲೂ ಹೊಳೆಯದು.

"ಒಡಪು ಬರವಲ್ದು. ಅಮರಪ್ಪ ಅಂತ ಅವರ ಹೆಸರು. ತೀರಿಕೊಂಡಾರ" ಎಂದಳು.

ವಂಜಕ್ಕ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಯಮನೂರಮ್ಮ ಕುರ್ಚಿ ಹಿಡಿದು ಮೆಲ್ಲಗೆ ಎದ್ದು ನಿಂತಳು. ಎಲ್ಲರ ಕಣ್ಣೂ ಅವಳ ಮೇಲೆ.

"ಕೇಳಸಲಿಲ್ಲ. ಮೈಕ್ ಸನೇಕ ಹಿಡಕೊಂಡು ಹೇಳ."

ಓಣಿಯ ಆ ತುದಿಯಲ್ಲಿ ಪಿಸುಗುಟ್ಟಿದ್ದನ್ನು ಈ ತುದಿಯಲ್ಲಿ ಕೇಳಿಸಿಕೊಳ್ಳುವ ಕಿವಿ ಅವಳದು. ಶಂಕ್ರಮ್ಮ ಮೈಕನ್ನು ತುಟಿಯ ಹತ್ತಿರ ತಂದಳು.

"ಅಮರಪ್ಪ."

ಮುದುಕಿ ಸೆರಗಿನಿಂದ ಮೂಗು ಒರೆಸಿಕೊಂಡು ತಲೆಯಾಡಿಸಿದಳು.

"ಇನ್ನೊಮ್ಮಿ" ಎಂದಳು.