ಗೋದತ್ತಿ ಖಾಲಿ ಬಿಟ್ಟ ಪೆಟ್ಟು

ಹುರಿದ ಹುಣಸೆ ಬೀಜದ ವಾಸನೆ ಎಲ್ಲಿಂದಲಾದರೂ ಬಂದರೆ ಈಗಲೂ ನನ್ನ ಕೈಯ ಕೆಲಸ ನಿಂತುಬಿಡುತ್ತದೆ. ಬನಹಟ್ಟಿಯ ನಮ್ಮ ಮನೆ, ಸಾರಿಸಿದ ನೆಲದ ತಂಪು, ಗೋಡೆಯಾಚೆಯ ಮಗ್ಗದ ಲಟಪಟ, ಪಡಸಾಲೆಯ ಮೂಲೆಯಲ್ಲಿ ಕೂತ ಗೋದತ್ತಿ, ಎಲ್ಲ ಒಟ್ಟಿಗೇ ಬರುತ್ತವೆ. ಗೋದತ್ತಿ ಅಪ್ಪನ ತಂಗಿ. ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು ಮುಧೋಳದಿಂದ ಒಂದು ಟ್ರಂಕು ಹಿಡಿದು ಅಣ್ಣನ ಮನೆಗೆ ಬಂದವಳು. ಆಗಿನ್ನೂ ನಮ್ಮದು ಮುಂಬಯಿ ರಾಜ್ಯ. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ಅಪ್ಪ ಗಾಯನ ಕಲಿಸುವ ಮಾಸ್ತರರು, ಸುತ್ತಲಿನ ಊರಿಗೆಲ್ಲ ಬೇಕಾದವರು. ಆದರೆ ರಾಗ, ತಾಳ, ಮಾತು ಕೂಡಿಸಿ ಅವರು ಹಾಡುವ ಬಂದಿಶನ್ನು, ನಮ್ಮ ಮನೆಯ ಮಾತಿನಲ್ಲಿ ಚೀಜನ್ನು, ಹೊಸದಾಗಿ ಕಟ್ಟುತ್ತಿದ್ದವಳು ಅತ್ತಿ. ಅದು ಹೊರಗಿನ ಒಬ್ಬರಿಗೂ ಗೊತ್ತಿರಲಿಲ್ಲ.

ಅವಳಿಗೆ ಬರೆಯಲು ಬರುತ್ತಿರಲಿಲ್ಲ. ನೆಲದ ಮೇಲೆ ಹದಿನಾರು ಹುಣಸೆ ಬೀಜ ಸಾಲಾಗಿ ಇಡುತ್ತಿದ್ದಳು, ತಾಳದ ಒಂದೊಂದು ಪೆಟ್ಟಿಗೆ ಒಂದೊಂದು ಬೀಜ. ಅಕ್ಕಿ ಆರಿಸುತ್ತ ಬರೀ ದನಿಯಲ್ಲಿ ಗುನುಗುವುದು, ಬೆರಳಿನಿಂದ ಬೀಜ ಮುಟ್ಟುತ್ತ ಹೋಗುವುದು, ಎಲ್ಲೋ ಒಂದು ಕಡೆ ತಡೆದು ಮತ್ತೆ ಮೊದಲಿನಿಂದ ಹಿಡಿಯುವುದು. ಹೀಗೆ ವಾರಗಟ್ಟಲೆ. ಮಾತು ಯಾವಾಗಲೂ ಕಡೆಗೆ. "ಮಾತು ಮೊದ್ಲ ಬಂತಂದ್ರ ರಾಗ ಸುಮ್ನಾಗ್ತದವ್ವಾ" ಅನ್ನುತ್ತಿದ್ದಳು. ಮುಗಿದ ಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಬಾಯಿಪಾಠ ಮಾಡಿಸಿ, ಆ ಹದಿನಾರು ಬೀಜಗಳನ್ನೇ ಹುರಿದು ನನಗೆ ತಿನ್ನಲು ಕೊಡುತ್ತಿದ್ದಳು. ಅಲ್ಲಿಗೆ ಆ ಚೀಜು ಇರುವುದು ನಮ್ಮಿಬ್ಬರ ಗಂಟಲಲ್ಲಿ ಮಾತ್ರ. ಒಂಬತ್ತು ವರ್ಷದ ನನಗೆ ಬೀಜದ ರುಚಿಯ ಮುಂದೆ ಈ ಜವಾಬ್ದಾರಿಯ ಭಾರ ಎಲ್ಲಿ ತಿಳಿಯಬೇಕು.

ಒಂದು ಚೀಜಿಗೆ ಮಾತ್ರ ಅವಳು ಹದಿನೈದೇ ಬೀಜ ಇಟ್ಟಳು. ದೂರ ಹೋದವರನ್ನು ಕರೆಯುವ ಹಾಡು. ತಾಳ ಸುತ್ತಿ ಬಂದು ಮುಟ್ಟುವ ಮೊದಲ ಪೆಟ್ಟು, ಸಮ್ಮು, ಅಲ್ಲಿ ಬೀಜವಿಲ್ಲ. "ಇಲ್ಲಿ ಕೈಲೆ ಪೆಟ್ಟು ಹಾಕು, ದನಿ ಬ್ಯಾಡ. ಯಾರ ಮುಂದ ಹಾಡಿದ್ರೂ ಇದನ್ನ ತುಂಬಬ್ಯಾಡ" ಎಂದಳು. ಯಾಕೆಂದು ಕೇಳಿದರೆ ಹೇಳಲಿಲ್ಲ. ಅಷ್ಟೊಂದು ಸಲ ತಿದ್ದಿ ಕಲಿಸಿದ್ದು ಅದೊಂದನ್ನೇ.

ಆ ಬೇಸಿಗೆಯಲ್ಲಿ ಮೀರಜದಿಂದ ದೊಡ್ಡ ಗಾಯಕರೊಬ್ಬರು ಊಟಕ್ಕೆ ಬಂದರು. ಊಟವಾದ ಮೇಲೆ ಅಪ್ಪ, "ನಮ್ಮ ಹುಡಿಗಿ ಒಂದ್ ಹಾಡ್ತದ, ಕೇಳ್ರಿ" ಅಂದರು. ಅಡುಗೆಮನೆಯ ಬಾಗಿಲ ಮರೆಯಲ್ಲಿ ಅತ್ತಿಯ ಸೆರಗು ಕಾಣುತ್ತಿತ್ತು. ಅವಳಿಗೆ ಖುಷಿಯಾಗಲೆಂದು ಅದೇ ಚೀಜು ಹಿಡಿದೆ. ಮೊದಲ ಸುತ್ತಿಗೆ ಹೇಳಿದಂತೆಯೇ ಖಾಲಿ ಬಿಟ್ಟೆ. ಸಮ್ಮಿಗೆಂದು ತೊಡೆ ತಟ್ಟಿದ ಅತಿಥಿಗಳು ದನಿ ಸಿಗದೆ ಅಪ್ಪನ ಮುಖ ನೋಡಿದರು. ಅಪ್ಪನ ಹುಬ್ಬು ಗಂಟಾಯಿತು. ನಾನು ಹೆದರಿಬಿಟ್ಟೆ. ಎರಡನೆಯ ಸುತ್ತಿಗೆ ಆ ಜಾಗದಲ್ಲಿ 'ಹರಿಯೇ' ಅಂತ ಸೇರಿಸಿದೆ. ಅವರು ತಲೆದೂಗಿದರು, ನಾನು ಉಬ್ಬಿಹೋದೆ. ಚೀಜು ಯಾರು ಕಟ್ಟಿದ್ದೆಂದು ಅವರು ಕೇಳಿದ್ದಕ್ಕೆ ಅಪ್ಪ, "ಹಿಂದಿನವರದರಿ" ಅಂದರು. ಅವರು ಮೂರು ಸಲ ಹಾಡಿಸಿಕೊಂಡು, ಕಲಿತುಕೊಂಡೇ ಹೋದರು.

ಒಳಗೆ ಅತ್ತಿ ಎಂಜಲ ತಾಟುಗಳ ಮುಂದೆ ಕೂತಿದ್ದಳು. ಬೈಯಲಿಲ್ಲ.

"ತುಂಬಿಬಿಟ್ಟೆಲ್ಲಾ ನಮ್ಮವ್ವಾ" ಎಂದಳು.

"ಖಾಲಿ ಇತ್ತಲ್ಲ ಅತ್ತಿ, ಅಪ್ಪ ಸಿಟ್ಟಾಗ್ತಿದ್ರು."

"ಖಾಲಿ ಇರ್ಲಿಲ್ಲ. ಅಲ್ಲಿ ಅವರ ಹೆಸರಿತ್ತು. ಗಂಡನ ಹೆಸರು ಬಾಯಲೆ ಅನ್ನಬಾರದಲ್ಲ, ಅದಕ್ಕ ಬಿಟ್ಟಿದ್ದೆ."

ಆಮೇಲೆ ಹನ್ನೊಂದು ವರ್ಷ ಬದುಕಿದಳು. ನೆಲದ ಮೇಲೆ ಮತ್ತೆ ಬೀಜ ಇಟ್ಟದ್ದನ್ನು ನಾನು ನೋಡಲಿಲ್ಲ. ಚೀಜು ಮಾತ್ರ ಮೀರಜ, ಹುಬ್ಬಳ್ಳಿ ಎಂದು ತಿರುಗಿತು. ಹಾಡಿದವರೆಲ್ಲ ಹರಿಯನ್ನೇ ಕರೆದರು. ಅತ್ತಿ ಹೋದ ಮೇಲೆ ಬಾಗಿಲು ಹಾಕಿಕೊಂಡು ಎಷ್ಟೋ ಸಲ ನಾನೊಬ್ಬಳೇ ಹಾಡಿ ನೋಡಿದ್ದೇನೆ. ಆ ಪೆಟ್ಟು ಬಂದಾಗ ತುಟಿ ಬಿಗಿಹಿಡಿಯುತ್ತೇನೆ. ದನಿಯೇನೋ ಬರುವುದಿಲ್ಲ. ಆದರೆ ಒಳಗೆ 'ಹರಿಯೇ' ಎಂದು ಕೇಳಿಯೇಬಿಡುತ್ತದೆ. ಅತ್ತಿಯ ಗಂಡನಿಗೆ ಈ ಲೋಕದಲ್ಲಿ ಉಳಿದಿದ್ದ ಜಾಗ ಅದೊಂದೇ ಇತ್ತು.