ಹಾಲಿಲ್ಲದ ಟೀ

ಸ್ಕಂದಗಿರಿ ಹತ್ತುವವರು ಬಿಸಾಡಿದ ಪ್ಲಾಸ್ಟಿಕ್ ಆರಿಸಲು ನಾವೊಂದಷ್ಟು ಗೆಳೆಯರು ಕಳವಾರಕ್ಕೆ ಹೋಗಿದ್ದೆವು. ಬೆಟ್ಟದ ಬುಡದ ಆ ಊರಲ್ಲಿ ನಮಗೆ ಅಡುಗೆ ಮಾಡಿದವರು ನಾರಾಯಣಮ್ಮ. ಪರಿಸರ ಉಳಿಸಲು ಬಂದವರ ಊಟದಲ್ಲಿ ಮಾಂಸ, ಮೊಟ್ಟೆ, ಹಾಲು, ತುಪ್ಪ ಯಾವುದೂ ಇರಬಾರದು ಅಂತ ನಾನು ಹಟ ಹಿಡಿದಿದ್ದೆ.

"ಮುದ್ದೆ, ಮಸ್ಸೊಪ್ಪು ತಾನೆ? ನಾವು ದಿನಾ ತಿನ್ನೋದೂ ಅದೇ ಕಣಪ್ಪ. ಅದಕ್ಯಾಕೆ ಇಷ್ಟು ಭಾಷಣ?" ಅಂತ ನಕ್ಕರು. ಟೀ ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ. "ಮನೇಲಿ ಸೀಮೆ ಹಸು ಇಟ್ಕೊಂಡು, ಬಂದೋರಿಗೆ ಕರೀನೀರು ಕೊಡ್ಲಾ?" ಅಂತ ಹಾಲು ಹಾಕಿಯೇ ಕೊಟ್ಟರು.

ಎರಡು ತಿಂಗಳ ಮೇಲೆ ಮತ್ತೆ ಹೋದೆವು. ದಾರಿಯುದ್ದಕ್ಕೂ ಅಷ್ಟೇ ಕಸ. ಈ ಸಲ ನಾನು ಕೇಳುವ ಮೊದಲೇ ಕಪ್ಪು ಟೀ ಬಂತು.

"ಕೊನೆಗೂ ನನ್ನ ಮಾತು ಕೇಳಿದ್ರಲ್ಲ ಅಕ್ಕ!" ಅಂದೆ.

"ಹಸು ಹೋಯ್ತು ಕಣಪ್ಪ," ಅಂದರು. "ನೀವು ಗೋಡೆಗೆ ಒರಗಿಸಿ ಹೋದ್ರಲ್ಲ ಕಸದ ಮೂಟೆ, ಅದನ್ನ ಕಿತ್ತು ತಿಂದಿತ್ತು. ಹೊಟ್ಟೆ ತುಂಬಾ ಪ್ಲಾಸ್ಟಿಕ್ಕು ಅಂದ್ರು ಡಾಕ್ಟ್ರು."

ಉಂಡ ಎಲೆ, ಮಿಕ್ಕ ಮುದ್ದೆ ಎಲ್ಲವನ್ನೂ ಅದೇ ಮೂಟೆಗೆ ತುರುಕಿದ್ದು ನಾವೇ. ಕಸದ ಗಾಡಿ ಒಯ್ಯುತ್ತದೆ ಅಂದುಕೊಂಡಿದ್ದೆವು. ಗಾಡಿಯವರಿಗೆ ಹೇಳಬೇಕು ಅನ್ನೋದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ನಾರಾಯಣಮ್ಮ ನನ್ನ ಲೋಟ ನೋಡಿ, "ಸಕ್ಕರೆ ಸಾಕೇನಪ್ಪ?" ಅಂತ ಕೇಳಿದರು.

ನನ್ನ ಭಾಷಣ ಕೇಳಿದವರಲ್ಲಿ ಹಾಲು ಬಿಟ್ಟ ಮನೆ ಇವತ್ತಿಗೂ ಅದೊಂದೇ.